ಜೇಬಿನಲ್ಲಿ ಮಡಚಿಟ್ಟ ಉಸಿರು

ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾದ ಬಾವಿಗಳಲ್ಲಿ ಈಜು ಕಲಿತವರು ಈಗ ನೇತ್ರಾಣಿಯ ಕಡಲಾಳಕ್ಕೆ ಇಳಿಯುತ್ತಿದ್ದಾರೆ. ಬೆನ್ನಿಗೆ ಗಾಳಿಯ ಟ್ಯಾಂಕು ಕಟ್ಟಿಕೊಂಡವರಿಗೂ ಸ್ನಾರ್ಕೆಲ್ ಎಂಬ ಒಂದು ಪುಟ್ಟ ಕೊಳವೆ ಬೇಕು. ಅದರ ಕೆಲಸ ನೀರಿನಡಿಯಲ್ಲಲ್ಲ, ನೀರಿನ ಮೇಲೆ. ಎಂಥದ್ದನ್ನು ಕೊಳ್ಳಬೇಕು? ಎಲ್ಲಿ ಇಟ್ಟುಕೊಳ್ಳಬೇಕು?

ನೇತ್ರಾಣಿ ದ್ವೀಪದ ಬಂಡೆಗೋಡೆಯ ಬುಡದಲ್ಲಿ ಒಂದರ ಹಿಂದೊಂದು ತಲೆಗಳು ನೀರಿನಿಂದ ಮೇಲೆದ್ದವು. ದೀಪಾವಳಿ ಮುಗಿದ ವಾರ. ಬೆಳಿಗ್ಗೆ ಇಳಿಯುವಾಗ ಅಲುಗದೆ ಮಲಗಿದ್ದ ಕಡಲು ಹನ್ನೊಂದರ ಹೊತ್ತಿಗೆ ಗಾಳಿಗೆ ಸಿಕ್ಕಿ ಸಣ್ಣ ಸಣ್ಣ ತೆರೆ ಎಬ್ಬಿಸುತ್ತಿತ್ತು. ಬೋಟು ಇನ್ನೊಂದು ಗುಂಪನ್ನು ಹತ್ತಿಸಿಕೊಳ್ಳಲು ದ್ವೀಪದ ಆಚೆ ಮೂಲೆಗೆ ಹೋಗಿತ್ತು.

"ಯಣ್ಣಾ, ಬೋಟ್ ಆ ಕಡೀಗ್ ಹೋತಲ್ಲೋ!" ಗಂಗಾವತಿಯ ಹುಡುಗನ ದನಿಯಲ್ಲಿ ಗಾಬರಿ. ಬಾಯಿ ತೆರೆದದ್ದೇ ತಡ, ಒಂದು ತೆರೆ ಬಂದು ಮುಖಕ್ಕೆ ಅಪ್ಪಳಿಸಿತು. ಉಪ್ಪುನೀರು ಗಂಟಲಿಗಿಳಿದು ಕೆಮ್ಮು ಶುರುವಾಯಿತು.

"ಬರ್ತದೆ ಮಾರಾಯಾ, ಬರ್ತದೆ. ಮಾಸ್ಕ್ ತೆಗೀಬೇಡ. ಬಾಯಿ ಮುಚ್ಚು" ಎಂದ ಮುರ್ಡೇಶ್ವರದ ಡೈವ್ ಮಾಸ್ಟರ್.

ಅವರ ಪಕ್ಕದಲ್ಲೇ ಕುಷ್ಟಗಿ ಕಡೆಯ ಮೇಷ್ಟ್ರೊಬ್ಬರು ಜಾಕೆಟ್ಟಿನ ಜೇಬಿಗೆ ಕೈಹಾಕಿ, ಸುತ್ತಿಟ್ಟಿದ್ದ ಸಿಲಿಕೋನ್ ಕೊಳವೆಯೊಂದನ್ನು ಹೊರತೆಗೆದರು. ಒಮ್ಮೆ ಝಾಡಿಸಿದ್ದಕ್ಕೆ ಅದು ನೆಟ್ಟಗಾಯಿತು. ಮಾಸ್ಕಿನ ಪಟ್ಟಿಗೆ ಸಿಕ್ಕಿಸಿ, ಬಾಯಿಗಿಟ್ಟು, ಫೂ ಎಂದು ಊದಿ ನೀರು ಹೊರಹಾಕಿ, ಮುಖ ಕೆಳಗೆ ಮಾಡಿ ಮಲಗಿಬಿಟ್ಟರು. ಬೋಟು ಬರುವಷ್ಟು ಹೊತ್ತೂ ಅವರು ಕೆಳಗಿನ ಬಂಡೆಯ ಸುತ್ತ ಸುಳಿದಾಡುತ್ತಿದ್ದ ಮೀನುಗಳನ್ನು ನೋಡುತ್ತಿದ್ದರು.

ಇದ್ದದ್ದು ಒಂದೇ ನೀರು, ಬೀಸಿದ್ದು ಒಂದೇ ಗಾಳಿ. ಇಬ್ಬರ ನಡುವಿನ ವ್ಯತ್ಯಾಸ ಆ ಕೊಳವೆ ಮಾತ್ರ.

ಬಾವಿಯಿಂದ ಕಡಲಿಗೆ

ಗುತ್ತಿಯಿಂದ ಹೊರಟು ಬಳ್ಳಾರಿ, ಹೊಸಪೇಟೆ, ಕೊಪ್ಪಳ, ಗದಗ, ಹುಬ್ಬಳ್ಳಿ ದಾಟಿ ಅರಬೈಲು ಘಟ್ಟ ಇಳಿದು ಅಂಕೋಲಾ ಸೇರುವ ರಸ್ತೆಗೆ ನಮ್ಮ ಕಡೆ ಈಗಲೂ ಹಳೆಯ ಹೆಸರೇ ಬಾಯಿಗೆ ಬರುತ್ತದೆ: ಹೈವೇ 63. ಒಂದು ಕಾಲಕ್ಕೆ ಸಂಡೂರು–ಹೊಸಪೇಟೆಯ ಅದಿರು ಲಾರಿಗಳು ಬೇಲೇಕೇರಿ ಬಂದರಿಗೆ ಹಗಲೂ ರಾತ್ರಿ ಓಡಿದ ರಸ್ತೆ ಅದು. ಈಗ ಶುಕ್ರವಾರ ರಾತ್ರಿ ಅದೇ ರಸ್ತೆಯಲ್ಲಿ ಬಾಡಿಗೆ ಕ್ರೂಸರ್‌ಗಳು ಹೊರಡುತ್ತವೆ. ಅಂಕೋಲಾದಲ್ಲಿ ಎಡಕ್ಕೆ ತಿರುಗಿ ಕುಮಟಾ, ಹೊನ್ನಾವರ ದಾಟಿದರೆ ಮುರ್ಡೇಶ್ವರ. ಒಟ್ಟು ಮುನ್ನೂರು ಕಿಲೋಮೀಟರಿಗೂ ಮೇಲೆ.

ಮುರ್ಡೇಶ್ವರದ ದಡದಿಂದ ಸುಮಾರು 10 ನಾಟಿಕಲ್ ಮೈಲಿ, ಅಂದರೆ ಹತ್ತೊಂಬತ್ತು ಕಿಲೋಮೀಟರ್ ಆಚೆ ನೇತ್ರಾಣಿ. ಭಟ್ಕಳ ತಾಲ್ಲೂಕಿಗೆ ಸೇರಿದ, ಮೇಲಿನಿಂದ ನೋಡಿದರೆ ಹೃದಯದ ಆಕಾರ ತೋರುವ ದ್ವೀಪ. ಪಾರಿವಾಳ ಗುಡ್ಡ ಎಂಬ ಹೆಸರೂ ಇದೆ. ನೌಕಾಪಡೆ ಗುಂಡಿನ ಅಭ್ಯಾಸಕ್ಕೆ ಬಳಸಿದ ಈ ಬಂಡೆಗಳ ಬುಡದಲ್ಲಿ ಹವಳವಿದೆ, ಬಣ್ಣಬಣ್ಣದ ಮೀನಿದೆ. ಮಳೆಗಾಲದಲ್ಲಿ ಬೋಟು ಹೊರಡುವುದಿಲ್ಲ. ಮಳೆ ನಿಂತು ನೀರು ತಿಳಿಯಾದ ಮೇಲೆ ಶುರುವಾಗುವ ಡೈವಿಂಗ್ ಹಂಗಾಮು ಬೇಸಿಗೆಯ ಕೊನೆಯವರೆಗೂ ನಡೆಯುತ್ತದೆ.

ಈ ದ್ವೀಪದ ಹೆಸರು ಮನೆಮನೆಗೆ ತಲುಪಿದ್ದರಲ್ಲಿ ಪುನೀತ್ ರಾಜ್‌ಕುಮಾರ್ ಪಾಲು ದೊಡ್ಡದು. 2022ರ ಅಕ್ಟೋಬರ್ 28ರಂದು, ಅವರ ಮೊದಲ ಪುಣ್ಯತಿಥಿಯ ಹಿಂದಿನ ದಿನ ತೆರೆಕಂಡ 'ಗಂಧದ ಗುಡಿ'ಯಲ್ಲಿ ಅವರು ಚಿತ್ರದ ನಿರ್ದೇಶಕ ಅಮೋಘವರ್ಷ ಅವರೊಂದಿಗೆ ನೇತ್ರಾಣಿಯ ನೀರಿಗೆ ಇಳಿದಿದ್ದರು. ಕಡಲನ್ನೇ ಕಾಣದ ತಾಲ್ಲೂಕುಗಳ ಟಾಕೀಸುಗಳಲ್ಲಿ ಅಪ್ಪು ನೀರೊಳಗೆ ತೇಲುವುದನ್ನು ಜನ ಕಣ್ಣೊರೆಸಿಕೊಳ್ಳುತ್ತ ನೋಡಿದರು. ಆಮೇಲೆ "ನಾವೂ ಒಮ್ಮೆ ಹೋಗೋಣು" ಎಂಬ ಮಾತು ಹುಟ್ಟಿದ್ದರೆ ಅದು ಸಹಜ.

ನೀರು ಕಡಿಮೆ ಇರುವ ಸೀಮೆಯವರಿಗೆ ನೀರಿನ ಹಂಬಲ ಹೆಚ್ಚು. ಕೊಪ್ಪಳದ ಗವಿಮಠದ ಅಭಿನವ ಗವಿಸಿದ್ಧೇಶ್ವರ ಸ್ವಾಮೀಜಿ ಮುಂದೆ ನಿಂತು 2019ರಲ್ಲಿ ಹಿರೇಹಳ್ಳವನ್ನು ಇಪ್ಪತ್ತು ಕಿಲೋಮೀಟರಿಗೂ ಹೆಚ್ಚು ಉದ್ದಕ್ಕೆ ಹಸನು ಮಾಡಿಸಿದಾಗ ಊರೂರುಗಳಿಂದ ಜನ ಬಂದು ಹೂಳು ಎತ್ತಿದ್ದು ಇದೇ ಹಂಬಲದಿಂದ. ಯಲಬುರ್ಗಾ, ಕುಷ್ಟಗಿ ಕಡೆಯ ಹಳ್ಳಿಗಳಲ್ಲಿ ನಡುವಯಸ್ಸು ದಾಟಿದವರನ್ನು ಕೇಳಿ ನೋಡಿ. ಸೊಂಟಕ್ಕೆ ಒಣಗಿದ ಬುರುಡೆಯನ್ನೋ ಖಾಲಿ ಡಬ್ಬಿಯನ್ನೋ ಕಟ್ಟಿ, ತೋಟದ ಬಾವಿಗೆ ಹಿರಿಯಣ್ಣ ನೂಕಿದ್ದೇ ಅವರ ಈಜು ಶಾಲೆ. ಬಾವಿಯ ತಳದಿಂದ ಹಿಡಿ ಮಣ್ಣು ತಂದು ತೋರಿಸಿದವನೇ ಗಂಡು.

ಆ ಕಲಿಕೆ ಗಟ್ಟಿ. ಆದರೆ ಬಾವಿಯಲ್ಲಿ ತೆರೆ ಇಲ್ಲ. ಸುಸ್ತಾದರೆ ನಾಲ್ಕು ಕೈ ಬೀಸಿದರೆ ಸಾಕು, ಮೆಟ್ಟಿಲೋ ಕಲ್ಲಿನ ಸಂದೋ ಕೈಗೆ ಸಿಗುತ್ತದೆ. ಕಡಲಿನಲ್ಲಿ ಹಿಡಿಯಲು ಏನೂ ಇಲ್ಲ. "ನಮಗ ಈಸಾಕ ಬರ್ತೈತಿ" ಎಂದು ಎದೆ ತಟ್ಟಿಕೊಂಡು ಹೋದವರು ತೆರೆಯ ಮೇಲೆ ತೇಲುತ್ತ ಕಾಯುವುದನ್ನು ಹೊಸದಾಗಿಯೇ ಕಲಿಯಬೇಕು.

ಮೊಳಕ್ಕೂ ಕಡಿಮೆ ಕೊಳವೆ

ಸಿನಿಮಾದಲ್ಲಿ ನಾವೆಲ್ಲ ನೋಡಿದ ದೃಶ್ಯವಿದೆ. ನಾಯಕ ವೈರಿಗಳಿಂದ ತಪ್ಪಿಸಿಕೊಂಡು ಕೆರೆಗೆ ಹಾರುತ್ತಾನೆ. ತಳದಲ್ಲಿ ಕುಳಿತು, ಟೊಳ್ಳು ಜೊಂಡಿನ ತುದಿಯನ್ನು ಮೇಲೆ ಮಾಡಿ ಉಸಿರಾಡುತ್ತಾನೆ. ಆಳು ಮುಳುಗುವ ನೀರಿನಲ್ಲಿ ಇದು ಆಗದ ಮಾತು. ರನ್ನನ ಗದಾಯುದ್ಧದ ದುರ್ಯೋಧನ ವೈಶಂಪಾಯನ ಸರೋವರದಲ್ಲಿ ಅಡಗಲು ಜಲಮಂತ್ರವನ್ನೇ ನೆಚ್ಚಬೇಕಾಯಿತು. ಆ ಆಳಕ್ಕೆ ಕೊಳವೆಯಿಂದ ಕೆಲಸ ನಡೆಯುತ್ತಿರಲಿಲ್ಲ.

ಕಾರಣ ನೀರಿನ ಭಾರ. ಒಂದು ಮೀಟರ್ ಆಳದಲ್ಲಿ ನೀರು ಮೈಯ ಪ್ರತಿ ಚದರ ಸೆಂಟಿಮೀಟರಿನ ಮೇಲೆ ಸುಮಾರು 100 ಗ್ರಾಂ ಹೆಚ್ಚಿಗೆ ಒತ್ತುತ್ತದೆ. ಎದೆಯ ಒಂದು ಚದರ ಅಡಿಗೆ ಲೆಕ್ಕ ಹಾಕಿದರೆ ತೊಂಬತ್ತು ಕಿಲೋ ದಾಟುತ್ತದೆ. ಗಂಗಾವತಿಯ ಮಂದಿಗೆ ಅರ್ಥವಾಗುವಂತೆ ಹೇಳುವುದಾದರೆ, 75 ಕಿಲೋದ ಭತ್ತದ ಚೀಲವನ್ನು ಎದೆ ಮೇಲೆ ಹೇರಿಕೊಂಡು, ಅದರ ಮೇಲೊಂದು ಕೂಸನ್ನೂ ಕೂರಿಸಿಕೊಂಡು ಉಸಿರೆಳೆದಂತೆ. ಕೊಳವೆಯ ತುದಿಯಲ್ಲಿರುವುದು ಮೇಲಿನ ಹಗುರ ಗಾಳಿ. ಎದೆಯ ಸುತ್ತ ಇರುವುದು ಭಾರದ ನೀರು. ಪಕ್ಕೆಲುಬಿನ ನಡುವಿನ ಸ್ನಾಯುಗಳು ಈ ಹೋರಾಟದಲ್ಲಿ ಬೇಗ ಸೋಲುತ್ತವೆ.

ಇನ್ನೊಂದು ತೊಡಕು ಹೊರಬಿಟ್ಟ ಉಸಿರಿನದು. ಆರಾಮವಾಗಿದ್ದಾಗ ನಾವು ಒಮ್ಮೆಗೆ ಎಳೆಯುವುದು ಸುಮಾರು 500 ಮಿಲಿ ಲೀಟರ್ ಗಾಳಿ. ಅದರಲ್ಲಿ 150ರಷ್ಟು ಗಂಟಲು, ಶ್ವಾಸನಾಳದಲ್ಲೇ ಉಳಿದು ವಾಪಸಾಗುತ್ತದೆ. ಎರಡು ಸೆಂಟಿಮೀಟರ್ ಅಗಲ, 38 ಸೆಂಟಿಮೀಟರ್ ಉದ್ದದ ಕೊಳವೆ ಇದಕ್ಕೆ ಇನ್ನೂ 120 ಮಿಲಿ ಲೀಟರ್ ಸೇರಿಸುತ್ತದೆ. ಅಂದರೆ ಬಿಟ್ಟ ಉಸಿರಿನ ಒಂದು ಭಾಗವನ್ನೇ ಮತ್ತೆ ಎಳೆದುಕೊಳ್ಳುತ್ತೇವೆ. ಗಾಬರಿಯಲ್ಲಿ ಚುಟುಕು ಚುಟುಕಾಗಿ ಉಸಿರಾಡಿದರೆ ಒಳಗೆ ತಾಜಾ ಗಾಳಿ ಹೋಗುವುದು ಕಡಿಮೆ. ತಲೆ ಭಾರವಾಗುತ್ತದೆ, ಗಾಬರಿ ಇಮ್ಮಡಿಸುತ್ತದೆ. ಅದಕ್ಕೇ ಸ್ನಾರ್ಕೆಲ್ ಬಾಯಲ್ಲಿದ್ದಾಗ ಉಸಿರು ಆಳವಾಗಿ, ನಿಧಾನವಾಗಿ ಆಡಬೇಕು.

ಯುರೋಪಿನ ಮಾನದಂಡ ದೊಡ್ಡವರ ಸ್ನಾರ್ಕೆಲ್‌ಗೆ 38 ಸೆಂಟಿಮೀಟರಿನ ಮಿತಿ ಹಾಕಿದ್ದು ಇದೇ ಕಾರಣಕ್ಕೆ. ಒಂದು ಮೊಳಕ್ಕೂ ಕಡಿಮೆ. ಉದ್ದನೆಯ ಪೈಪು ಸಿಕ್ಕಿತೆಂದು ಮನೆಯಲ್ಲೇ ಸ್ನಾರ್ಕೆಲ್ ಮಾಡಿಕೊಳ್ಳುವ ಹುಡುಗರಿಗೆ ಈ ಲೆಕ್ಕವನ್ನು ಬಿಡಿಸಿ ಹೇಳಲೇಬೇಕು.

■ ಆನೆಯ ಸೊಂಡಿಲು, ಕೂಸ್ತೋನ ಟ್ಯಾಂಕು
*ಕ್ರಿಸ್ತಪೂರ್ವ ನಾಲ್ಕನೇ ಶತಮಾನದಲ್ಲೇ ಗ್ರೀಸಿನ ಅರಿಸ್ಟಾಟಲ್ ಆನೆಯ ಸೊಂಡಿಲನ್ನು ಮುಳುಗುಗಾರರ ಉಸಿರಾಟದ ಸಾಧನಕ್ಕೆ ಹೋಲಿಸಿದ್ದ. ಆನೆ ಆಳದ ನೀರಿನಲ್ಲಿ ಸೊಂಡಿಲಷ್ಟನ್ನೇ ಮೇಲೆತ್ತಿ ನದಿ ದಾಟುತ್ತದೆ. 1943ರಲ್ಲಿ ಫ್ರಾನ್ಸಿನ ಜಾಕ್ ಕೂಸ್ತೋ ಮತ್ತು ಎಂಜಿನಿಯರ್ ಎಮಿಲ್ ಗಾನ್ಯಾನ್ ರೂಪಿಸಿದ ಆಕ್ವಾಲಂಗ್ ಕೊಳವೆಯ ಮಿತಿಯನ್ನು ಮುರಿಯಿತು. ಸುತ್ತಲ ನೀರಿನ ಒತ್ತಡ ಎಷ್ಟಿದೆಯೋ ಅಷ್ಟೇ ಒತ್ತಡದಲ್ಲಿ ಟ್ಯಾಂಕಿನ ಗಾಳಿಯನ್ನು ಬಾಯಿಗೆ ಕೊಡುವುದು ರೆಗ್ಯುಲೇಟರಿನ ಕೆಲಸ. ಇಂದಿನ ಸ್ಕೂಬಾ ನಿಂತಿರುವುದು ಅದರ ಮೇಲೆಯೇ.*

ಟ್ಯಾಂಕು ಇದ್ದೂ ಇದೇಕೆ?

ಮೊದಲ ಸಲ ನೇತ್ರಾಣಿಗೆ ಹೋಗುವವರಿಗೆ ಸ್ವಂತ ಸ್ನಾರ್ಕೆಲ್ ಬೇಡ. ಅವರನ್ನು ತರಬೇತುದಾರ ಕೈಬಿಡದೆ ಇಳಿಸಿ, ಕೈಬಿಡದೆ ಮೇಲೆ ತರುತ್ತಾನೆ. ಆ ಪರಿಚಯದ ಡೈವಿಗೆ ಹನ್ನೆರಡು ಮೀಟರೇ ಮಿತಿ. ಈ ಲೇಖನ ಒಂದು ಹೆಜ್ಜೆ ಮುಂದೆ ಇಟ್ಟವರಿಗೆ, ಓಪನ್ ವಾಟರ್ ಕೋರ್ಸ್ ಮುಗಿಸಿ 18 ಮೀಟರಿನವರೆಗೆ ಜೊತೆಗಾರನೊಂದಿಗೆ ತಾವೇ ಇಳಿಯುವವರಿಗೆ. ಪ್ಯಾಡಿ ಸಂಸ್ಥೆಯ ಆ ಕೋರ್ಸಿಗೆ ಹತ್ತು ವರ್ಷ ತುಂಬಿದವರು ಸೇರಬಹುದು. ಒಂದೋ ಬರಿಮೈಯಲ್ಲಿ 200 ಮೀಟರ್ ಈಜಬೇಕು, ಇಲ್ಲವೆ ಮಾಸ್ಕ್, ಫಿನ್ಸ್, ಸ್ನಾರ್ಕೆಲ್ ಹಾಕಿಕೊಂಡು 300 ಮೀಟರ್. ಹತ್ತು ನಿಮಿಷ ಏನನ್ನೂ ಹಿಡಿಯದೆ ತೇಲಬೇಕು. ಬಾವಿಯ ಮಕ್ಕಳಿಗೆ ಇದು ಕಷ್ಟವಲ್ಲ.

ಟ್ಯಾಂಕಿನ ಲೆಕ್ಕ ನೋಡಿ. ಹನ್ನೊಂದು ಲೀಟರ್ ಒಳಗಾತ್ರದ ಟ್ಯಾಂಕಿಗೆ 200 ಬಾರ್ ಗಾಳಿ ತುಂಬಿದರೆ ಸುಮಾರು 2200 ಲೀಟರ್. 50 ಬಾರ್ ಉಳಿದಿರುವಾಗಲೇ ಮೇಲೆ ಬಂದಿರಬೇಕು ಎಂಬುದು ಡೈವರ್‌ಗಳ ರೂಢಿ. ಅಂದರೆ ಕೈಯಲ್ಲಿ ಉಳಿಯುವುದು 550 ಲೀಟರ್. ಅಲೆಗೆ ಎದುರಾಗಿ ಕಾಲು ಬಡಿಯುತ್ತ, ಏದುಸಿರು ಬಿಡುತ್ತ ನಿಮಿಷಕ್ಕೆ 35 ಲೀಟರ್ ಎಳೆದರೆ ಅದು ಕಾಲು ಗಂಟೆಯಲ್ಲಿ ಮುಗಿಯುತ್ತದೆ. ಬೋಟು ಬರುವುದು ಅರ್ಧ ಗಂಟೆ ತಡವಾದರೆ?

ತೇಲಲು ತೊಡುವ ಬಿಸಿಡಿ ಜಾಕೆಟ್ಟಿಗೆ ಗಾಳಿ ತುಂಬಿಕೊಂಡು ಅಂಗಾತ ಮಲಗಬಹುದು ಎಂದು ಅನುಭವಿಗಳು ಹೇಳುತ್ತಾರೆ. ಕಡಲು ಶಾಂತವಾಗಿದ್ದರೆ ಅದೇ ಸುಖ. ತೆರೆ ಎದ್ದಾಗ ಅಂಗಾತ ಮಲಗಿದವನ ಮುಖದ ಮೇಲೇ ನೀರು ಒಡೆಯುತ್ತದೆ, ಹೋಗುವ ದಿಕ್ಕೂ ಕಾಣುವುದಿಲ್ಲ. ಸ್ನಾರ್ಕೆಲ್ ಇದ್ದರೆ ಮುಖ ಕೆಳಗೆ ಮಾಡಿ, ಟ್ಯಾಂಕಿನ ಗಾಳಿಯನ್ನು ಉಳಿಸಿಕೊಂಡು, ದಮ್ಮು ಕಟ್ಟದೆ ಬೋಟಿನತ್ತ ಈಜಬಹುದು. ಡೈವಿಗೆ ಮುಂಚೆ ಲಂಗರಿನ ಹಗ್ಗದವರೆಗೆ ಈಜುವಾಗಲೂ ಇದೇ ಲಾಭ. ಓಪನ್ ವಾಟರ್ ಕೋರ್ಸಿನಲ್ಲಿ ರೆಗ್ಯುಲೇಟರ್ ತೆಗೆದು ಸ್ನಾರ್ಕೆಲ್ ಇಡುವುದು, ಸ್ನಾರ್ಕೆಲ್ ತೆಗೆದು ರೆಗ್ಯುಲೇಟರ್ ಇಡುವುದು ಒಂದು ಪಾಠವಾಗಿಯೇ ಇರುವುದು ಇದಕ್ಕಾಗಿ.

ಎಡಗಿವಿಯ ಪಕ್ಕದ ತಕರಾರು

ಹಾಗಿದ್ದರೆ ಕೋರ್ಸ್ ಮುಗಿದ ಮರುದಿನವೇ ಎಷ್ಟೋ ಜನ ಸ್ನಾರ್ಕೆಲ್ ಬಿಚ್ಚಿ ಬೋಟಿನಲ್ಲಿ ಎಸೆದು ಇಳಿಯುವುದೇಕೆ? ಅವರ ತಕರಾರಿನಲ್ಲಿ ಹುರುಳಿದೆ.

ಮಾಮೂಲಿ ಸ್ನಾರ್ಕೆಲ್ ಮಾಸ್ಕಿನ ಎಡಬದಿಗೆ ಕಟ್ಟಿಕೊಂಡು ಇರುತ್ತದೆ. ಬಲದಿಂದ ರೆಗ್ಯುಲೇಟರಿನ ಹೋಸ್ ಬರುವುದರಿಂದ ಇದಕ್ಕೆ ಎಡಗಡೆಯೇ ಗತಿ. ಆದರೆ ಜಾಕೆಟ್ಟಿಗೆ ಗಾಳಿ ತುಂಬುವ, ಬಿಡುವ ಹೋಸೂ ಎಡಗಡೆಯೇ ಇದೆ. ಆತುರದಲ್ಲಿ ಕೈಹಾಕಿದಾಗ ಒಂದರ ಬದಲು ಇನ್ನೊಂದು ಕೈಗೆ ಸಿಗುತ್ತದೆ. ನೀರಿನ ಸೆಳೆತ ಜೋರಾಗಿದ್ದರೆ ಕೊಳವೆ ನಡುಗುತ್ತ ಮಾಸ್ಕನ್ನು ಎಳೆಯುತ್ತದೆ, ಅಂಚಿನಿಂದ ನೀರು ಒಸರುತ್ತದೆ. ಬಂಡೆಗೆ ಸಿಕ್ಕಿ ಹರಿದ ಬಲೆ, ಗಾಳದ ದಾರ ಅದಕ್ಕೆ ಸುತ್ತಿಕೊಳ್ಳಬಹುದು. ಗುಹೆಗಳಿಗೆ, ಮುಳುಗಿದ ಹಡಗುಗಳ ಒಳಕ್ಕೆ ಹೋಗುವ ಡೈವರ್‌ಗಳು ತಲೆಯ ಪಕ್ಕ ಏನೂ ತೂಗಬಾರದೆಂದು ಹಟ ಹಿಡಿಯುವುದು ಇದಕ್ಕೇ.

ಕಟ್ಟಿಕೊಂಡರೆ ಕಾಟ, ಬಿಟ್ಟುಹೋದರೆ ಆಪತ್ತು. ಈ ಇಕ್ಕಟ್ಟಿನಿಂದ ಹುಟ್ಟಿದ್ದು ಜೇಬಿನ ಸ್ನಾರ್ಕೆಲ್. ಆಳದಲ್ಲಿ ಅದು ಬಿಸಿಡಿಯ ಜೇಬಿನೊಳಗೆ ಮಡಚಿಕೊಂಡು ಬಿದ್ದಿರುತ್ತದೆ, ಮೇಲೆ ಬಂದಾಗ ಕೈಗೆ ಬರುತ್ತದೆ. ಓಷಿಯಾನಿಕ್ ಕಂಪನಿಯ ಪಾಕೆಟ್ ಸ್ನಾರ್ಕೆಲ್, ಆಕ್ವಾ ಲಂಗ್‌ನ ನಾಟಿಲಸ್ ಈ ಜಾತಿಯವು. ಹೆಸರು ಯಾವುದೇ ಇರಲಿ, ಕೊಳ್ಳುವ ಮುಂಚೆ ಕೈಯಲ್ಲಿ ಹಿಡಿದು ಪರೀಕ್ಷಿಸುವುದು ಮುಖ್ಯ.

ಕೊಳ್ಳುವಾಗ ಹಿಚುಕಿ ನೋಡಿ

ಮಡಚುವ ಸ್ನಾರ್ಕೆಲ್‌ನ ಗುಣವೂ ದೋಷವೂ ಅದರ ಮೆತ್ತಗಿನ ಮೈ. ಸುತ್ತಿಡಲು ಮೆತ್ತಗಿರಬೇಕು, ಉಸಿರೆಳೆಯುವಾಗ ಗಟ್ಟಿಯಾಗಿರಬೇಕು. ಈ ಎರಡರ ನಡುವಿನ ಹದವನ್ನು ತಯಾರಕ ಹಿಡಿದಿದ್ದಾನೆಯೇ ಎಂಬುದನ್ನು ಅಂಗಡಿಯಲ್ಲೇ ತಿಳಿಯಬಹುದು.

ಕೊಳವೆಯ ಮೇಲಿನ ಬಾಯಿಗೆ ಅಂಗೈ ಮುಚ್ಚಿ, ಕೆಳಗಿನಿಂದ ಜೋರಾಗಿ ಗಾಳಿ ಎಳೆಯಿರಿ. ಗೋಡೆ ಒಳಕ್ಕೆ ಕುಸಿದು ಅಂಟಿಕೊಂಡರೆ ಆ ಮಾಲು ಬೇಡ. ದಣಿದಾಗ ನೀವು ಎಳೆಯುವ ಉಸಿರೂ ಅಷ್ಟೇ ಜೋರಿನದು. ಬಳಿಕ ಬಿಗಿಯಾಗಿ ಸುತ್ತಿ, ಸ್ವಲ್ಪ ಹೊತ್ತು ಹಾಗೇ ಹಿಡಿದು ಬಿಟ್ಟುಬಿಡಿ. ಒಳ್ಳೆಯ ಸಿಲಿಕೋನ್ ತಾನಾಗಿ ನೆಟ್ಟಗಾಗಿ, ಒಳಗಿನ ದಾರಿ ಗುಂಡಗೆ ತೆರೆದುಕೊಳ್ಳುತ್ತದೆ. ಕಳಪೆಯದು ಮಡಿಕೆ ಬಿದ್ದ ಜಾಗದಲ್ಲಿ ಚಪ್ಪಟೆಯಾಗಿಯೇ ಉಳಿಯುತ್ತದೆ. ಬೆಳಕಿಗೆ ಹಿಡಿದು ಒಳಗೆ ಇಣುಕಿ. ಮಡಿಕೆಯಲ್ಲಿ ದಾರಿ ಅರ್ಧವಾದರೆ ಉಸಿರು ಎಳೆಯುವ ಕಷ್ಟ ದುಪ್ಪಟ್ಟಿಗಿಂತ ಎಷ್ಟೋ ಹೆಚ್ಚಾಗುತ್ತದೆ.

ಮೇಲ್ತುದಿ ನೀರಿನ ಮೇಲೆ ನೆಟ್ಟಗೆ ನಿಲ್ಲಬೇಕು. ಪೂರ್ತಿ ಮೆತ್ತಗಿನ ಕೊಳವೆ ತೆರೆಯ ಹೊಡೆತಕ್ಕೆ ಬಾಗಿ ನೀರು ಕುಡಿಸುತ್ತದೆ. ಬುಡ ಹಿಡಿದು ಅಲ್ಲಾಡಿಸಿ ನೋಡಿ. ತುದಿ ಬಾಗಿದರೂ ಕೂಡಲೇ ಎದ್ದು ನಿಲ್ಲಬೇಕು. ತುದಿಯ ಬಣ್ಣ ಕಿತ್ತಳೆಯೋ ಕಡುಹಳದಿಯೋ ಆಗಿರಲಿ. ಬೋಟಿನವನಿಗೆ ದೂರದಿಂದ ಕಾಣುವುದು ಅದೇ. ಇಡೀ ಕೊಳವೆ ಕಪ್ಪಾದರೆ ನೋಡಲು ಚೆಂದ, ಕಡಲಿನಲ್ಲಿ ಕಾಣದು.

ಇನ್ನು ವಾಲ್ವುಗಳ ಮಾತು. ಮಾರುವವರು ಇದರ ಬಗ್ಗೆಯೇ ಹೆಚ್ಚು ಹೇಳುತ್ತಾರೆ. ತುದಿಯಲ್ಲಿ ತೇಲುಬಿರಡೆ ಇಟ್ಟು ನೀರು ಒಳಬರದಂತೆ ಮಾಡಿದ ಡ್ರೈ ಸ್ನಾರ್ಕೆಲ್ ಇದೆ. ನೀರಿನ ಮೇಲ್ಮೈಯಲ್ಲೇ ಇಡೀ ದಿನ ಕಳೆಯುವವರಿಗೆ ಅದು ಒಳ್ಳೆಯದು. ಆದರೆ ಅದರ ತಲೆ ದಪ್ಪ, ಜೇಬಿಗೆ ಹೋಗುವುದಿಲ್ಲ. ಮರಳಿನ ಕಾಳು ಸಿಕ್ಕಿ ಬಿರಡೆ ಅಂಟಿಕೊಂಡರೆ ಗಾಳಿಯೇ ಬಂದ್. ಕೆಳಗೆ ನೀರು ಹೊರಹಾಕುವ ಪರ್ಜ್ ವಾಲ್ವ್ ಇರುವವೂ ಇವೆ. ಊದುವುದು ಸುಲಭವಾಗುತ್ತದೆ ನಿಜ. ಆದರೆ ಆ ತೆಳು ಬಿಲ್ಲೆ ಮಡಚಿಟ್ಟು ಮಡಚಿಟ್ಟು ಸೊಟ್ಟಗಾದರೆ ನೀರು ಒಳಕ್ಕೆ ಸೋರುತ್ತದೆ. ಬಾಯಿಯ ಕೆಳಗೆ ಸುಕ್ಕುಸುಕ್ಕಾದ ಪೈಪಿನ ತುಂಡು ಇರುವ ಮಾದರಿಗಳಲ್ಲಿ ಪ್ರತಿ ಸುಕ್ಕಿನಲ್ಲೂ ನೀರು ನಿಂತು ಗುಳುಗುಳು ಎನ್ನುತ್ತಿರುತ್ತದೆ.

ಜೇಬಿನಲ್ಲಿಡುವುದಕ್ಕೆ ನನ್ನ ಆಯ್ಕೆ ಯಾವ ವಾಲ್ವೂ ಇಲ್ಲದ, ಒಳಮೈ ನುಣುಪಾದ, ಬುಡದಲ್ಲಿ ಬಾಗಿದ ಒಂದೇ ಕೊಳವೆ. ಕೆಡುವ ಭಾಗ ಕಡಿಮೆಯಿದ್ದಷ್ಟೂ ಕಷ್ಟಕಾಲದಲ್ಲಿ ನಂಬಬಹುದು. ನೀರು ತುಂಬಿದರೆ ಒಂದು ಬಲವಾದ ಊದು ಸಾಕು, ಅದನ್ನು ಯಾರು ಬೇಕಾದರೂ ಒಂದು ಮಧ್ಯಾಹ್ನದಲ್ಲಿ ಕಲಿಯಬಹುದು.

ಬಾಯಲ್ಲಿ ಕಚ್ಚುವ ತುಂಡು ಅಳತೆಗೆ ಸರಿಯಿರಲಿ. ದೊಡ್ಡದಾದರೆ ದವಡೆ ನೋಯುತ್ತದೆ, ಚಿಕ್ಕದಾದರೆ ತುಟಿಯ ಸಂದಿನಿಂದ ನೀರು. ಹೆಣ್ಣುಮಕ್ಕಳು, ಎಳೆಯರು ಸಣ್ಣ ಅಳತೆಯದನ್ನು ಕೇಳಿ ಪಡೆಯಬೇಕು. ಮಾಸ್ಕಿಗೆ ಸಿಕ್ಕಿಸುವ ಕೊಂಡಿಯ ಬಗ್ಗೆ ಅಂಗಡಿಯವರು ಏನೂ ಹೇಳುವುದಿಲ್ಲ, ಕೊಳ್ಳುವವರೂ ಕೇಳುವುದಿಲ್ಲ. ಆದರೆ ಕೊನೆಗೆ ಕೈಕೊಡುವುದು ಅದೇ. ಮಾಸ್ಕ್ ಮುಖದ ಮೇಲಿರುವಾಗಲೇ, ಕಣ್ಣಿಗೆ ಕಾಣದೆ, ಒಂದೇ ಕೈಯಲ್ಲಿ ಅದನ್ನು ಸಿಕ್ಕಿಸಲು ಬರಬೇಕು. ಎರಡು ಕೈ ಬೇಡುವ ಕೊಂಡಿ ಮನೆಯಲ್ಲೇ ಇರಲಿ.

ಕೊನೆಯದಾಗಿ ನಿಮ್ಮ ಜೇಬು. ಕೆಲವು ಬಿಸಿಡಿಗಳ ಜೇಬು ಟ್ಯಾಂಕ್ ಕಟ್ಟಿ ಬೆಲ್ಟ್ ಬಿಗಿದ ಮೇಲೆ ಚಪ್ಪಟೆಯಾಗಿ ಬೆರಳೂ ತೂರುವುದಿಲ್ಲ. ಬೋಟಿಗೆ ಗುರುತು ತೋರಿಸಲು ಗಾಳಿ ತುಂಬಿ ಮೇಲೆ ಬಿಡುವ ಉದ್ದ ಬಲೂನೂ ಅದೇ ಜೇಬಿನಲ್ಲಿರುತ್ತದೆ. ಎರಡೂ ಒಟ್ಟಿಗೆ ಹಿಡಿಸಬೇಕು, ಒಂದನ್ನು ಎಳೆದಾಗ ಇನ್ನೊಂದು ಜಾರಿ ತಳ ಸೇರಬಾರದು. ಸ್ನಾರ್ಕೆಲ್‌ಗೆ ಗಿಡ್ಡ ದಾರ ಕಟ್ಟಿ, ಅದರ ಕೊಂಡಿಯನ್ನು ಜೇಬಿನೊಳಗಿನ ಉಂಗುರಕ್ಕೆ ಹಾಕಿಡುವುದು ಲೇಸು.

■ ಮುಖವೆಲ್ಲ ಮುಚ್ಚುವ ಮಾಸ್ಕ್ ಬೇಡ
*ಡೆಕಾತ್ಲಾನ್ ಕಂಪನಿ 2014ರಲ್ಲಿ ಈಸಿಬ್ರೆತ್ ತಂದ ಮೇಲೆ ನೆತ್ತಿಯ ಮೇಲೆ ಕೊಳವೆ ಇರುವ, ಇಡೀ ಮುಖ ಮುಚ್ಚುವ ಮಾಸ್ಕುಗಳು ಎಲ್ಲೆಡೆ ಕಾಣುತ್ತಿವೆ. ಮೂಗಿನಿಂದಲೂ ಉಸಿರಾಡಬಹುದು, ತೇಲುತ್ತ ಮೀನು ನೋಡಲು ಹಿತ. ಸ್ಕೂಬಾಗೆ ಮಾತ್ರ ಇದು ಸಲ್ಲದು. ಬಾಯಿಗೆ ರೆಗ್ಯುಲೇಟರ್ ಇಡಲು ಜಾಗವಿಲ್ಲ. ಕಿವಿಯ ಒತ್ತಡ ಸರಿಮಾಡಲು ಮೂಗು ಹಿಡಿಯಲೂ ಬರುವುದಿಲ್ಲ.*

ಕಣ್ಣು ಮುಚ್ಚಿ ಕೈಗೆ ಕಲಿಸುವುದು

ಕೊಂಡ ಸ್ನಾರ್ಕೆಲ್ ಪ್ಯಾಕೆಟ್ ಒಡೆಯದೆ ನೇತ್ರಾಣಿಗೆ ಹೋಗಬಾರದು. ಊರಿನ ಈಜುಕೊಳವೇ ಅದಕ್ಕೆ ತಕ್ಕ ಜಾಗ. ಎದೆಮಟ್ಟದ ನೀರು, ಪಕ್ಕದಲ್ಲಿ ಈಜು ಬಲ್ಲ ಒಬ್ಬರು. ಮೊದಲು ಮುಖ ಮುಳುಗಿಸಿ ಬರೀ ಉಸಿರಾಟ. ಮೂಗಿನಿಂದ ಉಸಿರು ಬಿಡುವ ಚಟ ಹೋಗಲು ಸ್ವಲ್ಪ ಹೊತ್ತು ಬೇಕು. ಆಮೇಲೆ ಬೇಕೆಂದೇ ಕೊಳವೆಗೆ ನೀರು ತುಂಬಿಸಿ ಊದುವುದು. ಊದಿದ ಮೇಲೂ ಬುಡದಲ್ಲಿ ನಾಲ್ಕು ಹನಿ ಉಳಿದಿರುತ್ತವೆ. ಆದ್ದರಿಂದ ಮುಂದಿನ ಉಸಿರನ್ನು ಮೆಲ್ಲಗೆ, ಅಳೆದಂತೆ ಎಳೆದು ಇನ್ನೊಮ್ಮೆ ಊದಬೇಕು. ಗಬಕ್ಕನೆ ಎಳೆದವರೇ ಕೆಮ್ಮುವುದು.

ಇದು ಸಲೀಸಾದ ಮೇಲೆ ಜೇಬಿನ ಅಭ್ಯಾಸ. ಸ್ನಾರ್ಕೆಲ್ ಸುತ್ತಿ ಇಟ್ಟುಕೊಂಡು, ಕಣ್ಣು ಮುಚ್ಚಿ, ಒಂದೇ ಕೈಯಲ್ಲಿ ತೆಗೆದು, ಬಿಡಿಸಿ, ಸಿಕ್ಕಿಸಿ, ಬಾಯಿಗಿಟ್ಟು ಊದಬೇಕು. ಅಷ್ಟು ಹೊತ್ತೂ ರೆಗ್ಯುಲೇಟರ್ ಬಾಯಲ್ಲೇ ಇರಬೇಕು. ಕೊಳವೆ ಸಿದ್ಧವಾದ ಮೇಲಷ್ಟೇ ಅದನ್ನು ತೆಗೆಯುವುದು. ಜಾಕೆಟ್ಟಿಗೆ ಗಾಳಿ ತುಂಬಿ ತೇಲುವುದು ಇವೆಲ್ಲಕ್ಕೂ ಮೊದಲು. ತೇಲುವ ಮುಂಚೆ ಸ್ನಾರ್ಕೆಲ್ ಹುಡುಕುತ್ತ ಕೂರುವುದು ತಿರುವುಮುರುವು ಕೆಲಸ. ಮಾಸ್ಕನ್ನು ಹಣೆಗೆ ಏರಿಸುವ ಚಟವನ್ನೂ ಇಲ್ಲೇ ಬಿಡಬೇಕು. ತೆರೆ ಬಂದರೆ ಅದು ಹಾರಿಹೋಗುತ್ತದೆ, ದೂರದಿಂದ ನೋಡಿದವರಿಗೆ ನೀವು ಕಷ್ಟದಲ್ಲಿದ್ದೀರಿ ಎಂದೂ ಅನ್ನಿಸುತ್ತದೆ.

ಈಜುಕೊಳ ಎಂದು ಒತ್ತಿ ಹೇಳುವುದಕ್ಕೆ ಕಾರಣವಿದೆ. ಹೊಸ ಸ್ನಾರ್ಕೆಲ್ ಕೈಗೆ ಬಂದ ಉಮೇದಿನಲ್ಲಿ ಆನೆಗೊಂದಿ, ಸಣಾಪುರದ ಕಡೆಗೆ ಬೈಕ್ ತಿರುಗಿಸುವ ಆಸೆ ಯಾರಿಗಾದರೂ ಬರುತ್ತದೆ. ದಯವಿಟ್ಟು ಬೇಡ. ತುಂಗಭದ್ರೆ ಅಲ್ಲಿ ಬಂಡೆಗಳ ಸಂದಿನಲ್ಲಿ ನುಗ್ಗಿ ಹರಿಯುತ್ತಾಳೆ. ಮೇಲೆ ಶಾಂತವಾಗಿ ಕಂಡ ಮಡುವಿನ ಕೆಳಗೆ ಸೆಳವು ಮನುಷ್ಯನನ್ನು ಬಂಡೆಯಡಿಗೆ ಎಳೆಯುತ್ತದೆ. 2025ರ ಫೆಬ್ರುವರಿಯಲ್ಲಿ ಸಣಾಪುರದ ಬಳಿ ಬಂಡೆಯ ಮೇಲಿಂದ ನದಿಗೆ ಹಾರಿದ ಹೈದರಾಬಾದಿನ ಯುವ ವೈದ್ಯೆಯೊಬ್ಬರು ಮರಳಿ ಬರಲಿಲ್ಲ. ಈಜು ಬಲ್ಲವರನ್ನೂ ಆ ನೀರು ಬಿಡುವುದಿಲ್ಲ. ಹರಿಗೋಲು ನಡೆಸುವವರ ಮಾತನ್ನು ಕೇಳಿ. ಯಾವ ಮಡು ಎಂಥದ್ದೆಂದು ಅವರಿಗೆ ಗೊತ್ತು. ಎಡದಂಡೆ ಕಾಲುವೆಯಲ್ಲಂತೂ ಸಿಮೆಂಟಿನ ಇಳಿಜಾರು ಪಾಚಿ ಕಟ್ಟಿ, ಬಿದ್ದವರಿಗೆ ಹತ್ತಿ ಬರಲು ಹಿಡಿತವೇ ಸಿಗದು.

ನದಿಗೆ ಅದರದೇ ನಿವಾಸಿಗಳೂ ಇದ್ದಾರೆ. ಮುದ್ಲಾಪುರದಿಂದ ಕಂಪ್ಲಿಯವರೆಗಿನ 34 ಕಿಲೋಮೀಟರ್ ಹರಿವನ್ನು 2015ರಲ್ಲಿ ನೀರುನಾಯಿ ಸಂರಕ್ಷಿತ ಪ್ರದೇಶವೆಂದು ಸರ್ಕಾರ ಘೋಷಿಸಿದೆ. ಮೊಸಳೆಗಳೂ ಇವೆ. ಆ ನೀರನ್ನು ಅವುಗಳಿಗೆ ಬಿಟ್ಟು, ದಡದಿಂದಲೇ ನೋಡುವುದು ಎಲ್ಲರಿಗೂ ಕ್ಷೇಮ.

■ ಈ ಹಂಗಾಮಿಗೆ ಹೊರಡುವ ಮುನ್ನ
*ಬೋಟಿನವರಿಗೆ ಫೋನ್ ಮಾಡಿ ಆ ದಿನದ ಗಾಳಿ, ತೆರೆ ವಿಚಾರಿಸಿ. ಅವರು ಬೇಡವೆಂದರೆ ವಾದಿಸಬೇಡಿ. ನೆಗಡಿ, ಕಿವಿನೋವು ಇದ್ದವರು ಇಳಿಯಬಾರದು. ರಾತ್ರಿಯಿಡೀ ಘಟ್ಟದ ರಸ್ತೆಯಲ್ಲಿ ಎಚ್ಚರವಿದ್ದು ಬೆಳಗಾಗುತ್ತಲೇ ಡೈವ್ ಮಾಡುವುದು ಒಳ್ಳೆಯದಲ್ಲ, ಒಂದು ರಾತ್ರಿ ಮುರ್ಡೇಶ್ವರದಲ್ಲಿ ಮಲಗಿ. ಕುಡಿದಿದ್ದರೆ ಅಂದಿನ ಡೈವ್ ಬಿಟ್ಟುಬಿಡಿ. ಟ್ಯಾಂಕಿನ ಗಾಳಿ ಉಸಿರಾಡುವಾಗ ಎಂದೂ ಉಸಿರು ಬಿಗಿಹಿಡಿಯಬೇಡಿ, ಬಾವಿಯ ಅಭ್ಯಾಸ ಇಲ್ಲಿ ಜೀವಕ್ಕೆ ಎರವಾಗುತ್ತದೆ.*

ಆ ಕೊನೆಯ ಮಾತನ್ನು ಇನ್ನೊಮ್ಮೆ ಹೇಳುತ್ತೇನೆ, ಏಕೆಂದರೆ ನಮ್ಮ ಕಡೆಯವರಿಗೆ ಅದು ಹೆಚ್ಚು ಬೇಕು. ಬಾವಿಗೆ ಮುಳುಗು ಹಾಕುವವನು ಮೇಲಿನಿಂದ ಎಳೆದುಕೊಂಡ ಒಂದೇ ಉಸಿರನ್ನು ಬಿಗಿಹಿಡಿದು ಹೋಗಿ ಬರುತ್ತಾನೆ. ಅದರಿಂದ ಪುಪ್ಪುಸಕ್ಕೆ ಹಾನಿಯಿಲ್ಲ. ಹತ್ತು ಮೀಟರ್ ಆಳದಲ್ಲಿ ಟ್ಯಾಂಕಿನಿಂದ ಎಳೆದ ಗಾಳಿ ಮೇಲೆ ಬರುವಷ್ಟರಲ್ಲಿ ಎರಡು ಪಟ್ಟು ಹಿಗ್ಗುತ್ತದೆ. ಬಿಗಿಹಿಡಿದರೆ ಪುಪ್ಪುಸವೇ ಹರಿಯಬಹುದು. ಆಳದಲ್ಲಿ ಸದಾ ಉಸಿರಾಡುತ್ತಿರಬೇಕು, ಮೇಲೇರುವಾಗ ನಿಧಾನವಾಗಿ ಏರಬೇಕು. ಮೇಲೆ ಬಂದು ತೇಲಿದ ಮೇಲೆ ಸ್ನಾರ್ಕೆಲ್‌ನ ಸರದಿ.

ಮನೆಗೆ ಮರಳಿದ ಮೇಲೆ ಅದನ್ನು ಸಿಹಿನೀರಿನಲ್ಲಿ ನೆನೆಸಿ, ಒಳಗೂ ನೀರು ಹರಿಸಿ ತೊಳೆಯಿರಿ. ಉಪ್ಪು ಒಣಗಿ ಹರಳುಗಟ್ಟಿದರೆ ಅಂಚುಗಳು ಸವೆಯುತ್ತವೆ. ನೆರಳಿನಲ್ಲಿ ತೂಗುಹಾಕಿ ಒಣಗಿಸಿ, ಬಿಚ್ಚಿಯೇ ಇಡಿ. ಜೇಬಿನಲ್ಲಿ ಮಡಚಿಡುವುದು ಡೈವಿನ ದಿನಕ್ಕೆ ಮಾತ್ರ, ವರ್ಷವಿಡೀ ಸುತ್ತಿಟ್ಟರೆ ಎಂಥ ಸಿಲಿಕೋನ್ ಆದರೂ ಮಡಿಕೆ ಹಿಡಿಯುತ್ತದೆ. ಪಾರದರ್ಶಕವಾದದ್ದನ್ನು ಕಪ್ಪು ರಬ್ಬರಿನ ಫಿನ್ಸ್‌ಗೆ ತಾಗಿಸಿ ಇಟ್ಟರೆ ಬಣ್ಣ ಹತ್ತುತ್ತದೆ. ಮುಂದಿನ ಮಳೆಗಾಲ ಕಳೆದು ಬೋಟುಗಳು ಮತ್ತೆ ನೀರಿಗಿಳಿಯುವ ಹೊತ್ತಿಗೆ ಹೊರತೆಗೆದು ಕಚ್ಚುವ ತುಂಡನ್ನು ಬೆರಳಿನಿಂದ ಜಗ್ಗಿ ನೋಡಿ. ಹಲ್ಲಿನ ಗುರುತು ಬಿದ್ದ ಕಡೆ ಸಣ್ಣ ಸೀಳು ಕಂಡರೆ ಅದನ್ನು ರಿಪೇರಿ ಮಾಡಲು ಹೋಗದೆ ಹೊಸದನ್ನು ಕೊಳ್ಳಿ.